ಗಂಟೆಯೋ, ತಾಸೋ? ಇಂಗ್ಲಿಷಿನಲ್ಲಿ ಹೊತ್ತು ಹೇಳುವ ಬಗೆ

ಪ್ಲೇಸ್‌ಮೆಂಟ್ ದಿನಗಳು ಹತ್ತಿರ ಬಂದ್ವು ಅಂದ್ರೆ ನಮ್ಮ ಕನ್ನಡ ಬಳಗದಲ್ಲೂ ಇಂಗ್ಲಿಷಿನದೇ ಮಾತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಂದ ನಮ್ಮಲ್ಲಿ ಬಹಳ ಮಂದಿ ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರು. ಥರ್ಮೋಡೈನಾಮಿಕ್ಸ್ ಪ್ರಶ್ನೆಗೆ ಹೆದರದವರು "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದ ಕೂಡಲೇ ಬೆವರ್ತೀವಿ. ಆ ಪ್ರಶ್ನೆಗೆ ಉತ್ತರ ಹೇಳುವಾಗ ಎಲ್ಲಿ ತಡವರಿಸ್ತೀವಿ ಅಂತ ಬಳಗದಲ್ಲಿ ಕೂತು ನೋಡಿದ್ವಿ. ದೊಡ್ಡ ದೊಡ್ಡ ಪದಗಳಲ್ಲಿ ಅಲ್ಲ. ಎಷ್ಟು ವರ್ಷದಿಂದ, ಯಾವಾಗ, ಎಷ್ಟೊತ್ತಿಗೆ, ಯಾವ ತಾರೀಖಿನೊಳಗೆ ಎಂಬ ಹೊತ್ತಿನ ಮಾತುಗಳಲ್ಲಿ.

"ಐ ಆ್ಯಮ್ ಲರ್ನಿಂಗ್ ಪೈಥಾನ್ ಸಿನ್ಸ್ ಟೂ ಇಯರ್ಸ್" ಅಂದರೆ ಎದುರಿಗೆ ಕೂತವರಿಗೆ ಅರ್ಥ ಆಗ್ತದೆ, ಮಾತು ಮುಂದಕ್ಕೆ ಹೋಗ್ತದೆ. ಆದರೆ ಫಾರ್ಮಿನ ಕೊನೆಯ ತಾರೀಖು, ಆನ್‌ಲೈನ್ ಸಂದರ್ಶನದ ವೇಳೆ, ರೈಲಿನ ಟಿಕೆಟ್ ವಿಷಯದಲ್ಲಿ ಒಂದು ಸಣ್ಣ ಪದ ತಪ್ಪು ತಿಳಿದರೆ ಒಂದು ವರ್ಷವೇ ಕೈ ಬಿಡಬಹುದು. ಅದಕ್ಕೇ ಈ ಬರಹ.

ಕನ್ನಡ ಬಳಗದ ಪತ್ರಿಕೆಯಲ್ಲಿ ಇಂಗ್ಲಿಷ್ ಪಾಠ ಯಾಕಪ್ಪಾ ಅಂತ ಯಾರಾದ್ರೂ ಕೇಳಬಹುದು. ಕಾರಣ ಇದೆ. ನಾವು ಮಾಡುವ ಈ ತಪ್ಪುಗಳು ದಡ್ಡತನದಿಂದ ಹುಟ್ಟಿದವಲ್ಲ. ನಮ್ಮ ತಲೆಯೊಳಗಿನ ಕನ್ನಡ ಹೊತ್ತನ್ನು ಒಂದು ಬಗೆಯಲ್ಲಿ ಹಂಚ್ತದೆ, ಇಂಗ್ಲಿಷ್ ಇನ್ನೊಂದು ಬಗೆಯಲ್ಲಿ ಹಂಚ್ತದೆ. ಎರಡೂ ಎಲ್ಲಿ ಕೂಡ್ತಾವೆ, ಎಲ್ಲಿ ಬೇರೆಯಾಗ್ತಾವೆ ಅಂತ ಒಮ್ಮೆ ಕಂಡರೆ ನೂರು ನಿಯಮ ಬಾಯಿಪಾಠ ಮಾಡೋ ಕೆಲಸ ಇಲ್ಲ. ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಹೇಳ್ತಿರೋದು ಗುರುತೋ, ಅಳತೆಯೋ? ಎಲ್ಲಿ ನಿಂತು ಎಣಿಸ್ತಿದೀವಿ? ಗಡಿ ಒಳಗೋ, ಹೊರಗೋ?

ಗುರುತು ಬೇರೆ, ಅಳತೆ ಬೇರೆ

ಮೊದಲು ನಮ್ಮ ಮನೆಯ ಮಾತಿನಿಂದಲೇ ಶುರು ಮಾಡೋಣ.

"ಎರಡು ಗಂಟೆಗೆ ಲ್ಯಾಬ್ ಐತಿ."
"ಎರಡು ತಾಸು ಲ್ಯಾಬ್ ಐತಿ."

ಮೊದಲನೆಯದರಲ್ಲಿ ಎರಡು ಅನ್ನೋದು ಗಡಿಯಾರದ ಮೇಲಿನ ಒಂದು ಗುರುತು. ಎರಡನೆಯದರಲ್ಲಿ ಅದು ಒಂದು ಅಳತೆ. ಬೆಂಗಳೂರು, ಮೈಸೂರು ಕಡೆ ಎರಡಕ್ಕೂ ಗಂಟೆ ಅಂತಲೇ ಹೇಳ್ತಾರೆ. ನಮ್ಮ ಕಡೆ ಮಾತ್ರ ಅಳತೆಗೆ ಬಹುಮಟ್ಟಿಗೆ ತಾಸು ಅಂತೀವಿ. ಇಂಗ್ಲಿಷಿನವರು ಮಾಡೋದೂ ಇದನ್ನೇ. ಗುರುತಾದರೆ ಟೂ ಓ'ಕ್ಲಾಕ್, ಅಳತೆಯಾದರೆ ಟೂ ಅವರ್ಸ್. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನಿಂತ ಅಜ್ಜಿಗೆ ಈ ಭೇದ ಗೊತ್ತಿದೆ. ನಮಗೂ ಗೊತ್ತಿದೆ, ಇಂಗ್ಲಿಷ್ ಮಾತಾಡುವಾಗ ನೆನಪಿಗೆ ತಂದುಕೊಳ್ಳಬೇಕು ಅಷ್ಟೇ.

ಒಂದು ಸ್ವಾರಸ್ಯವನ್ನೂ ಇಲ್ಲೇ ಹೇಳಿಬಿಡ್ತೀವಿ. ಗಂಟೆ ಅಂದರೆ ಗುಡಿಯಲ್ಲಿ ಬಾರಿಸುವ ಗಂಟೆ. ಇಂಗ್ಲಿಷಿನ ಕ್ಲಾಕ್ ಪದದ ಬೇರೂ ಗಂಟೆ ಎಂಬ ಅರ್ಥದ ಹಳೆಯ ಲ್ಯಾಟಿನ್ ಪದವೇ. ಓ'ಕ್ಲಾಕ್ ಎಂಬುದು "ಆಫ್ ದ ಕ್ಲಾಕ್" ಸವೆದು ಆದದ್ದು. ಗಂಟೆ ಬಾರಿಸೋದು ಪೂರ್ತಿ ಗಂಟೆಗೆ, ಓ'ಕ್ಲಾಕ್ ಕೂಡ ಪೂರ್ತಿ ಗಂಟೆಗೇ ಬರ್ತದೆ ಅಂತ ನೆನಪಿಟ್ಟುಕೊಂಡರೆ "ಟೆನ್ ಥರ್ಟಿ ಓ'ಕ್ಲಾಕ್" ಅನ್ನೋ ತಪ್ಪು ಆಗೋದಿಲ್ಲ. ಟೆನ್ ಥರ್ಟಿ ಅಂದರೆ ಮುಗೀತು.

ಆ್ಯಟ್, ಆನ್, ಇನ್ ಎಂಬ ಮೂರು ಪದಗಳಿಗೂ ಇದೇ ದಾರಿ. ನಾವು "ಐದಕ್ಕ ಬಾ", "ಸೋಮವಾರ ದಿವಸ ಬಾ", "ಜೂನ್ ತಿಂಗಳದಾಗ ಬಾ" ಅಂತೀವಲ್ಲ, ಆ ಮೂರೂ ಹೆಚ್ಚುಕಡಿಮೆ ಹಾಗೇ ಹೊಂದ್ತಾವೆ. ಚುಕ್ಕಿಯಂಥ ಗುರುತಿಗೆ ಆ್ಯಟ್ ಫೈವ್, ಒಂದು ದಿನಕ್ಕೆ ಆನ್ ಮಂಡೇ, ಒಳಗೆ ಜಾಗ ಇರುವ ದೊಡ್ಡ ಅವಧಿಗೆ ಇನ್ ಜೂನ್, ಇನ್ 2024. ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಬಂದಾಗ ಮಾತ್ರ ಈ ಮೂರೂ ಬೇಡ. "ಆನ್ ನೆಕ್ಸ್ಟ್ ಮಂಡೇ" ಅಲ್ಲ, ಬರೇ "ನೆಕ್ಸ್ಟ್ ಮಂಡೇ".

ಒಂದು "ಇಂದ", ಎರಡು ಇಂಗ್ಲಿಷ್ ಪದ

ಈಗ ನಮ್ಮ ದೊಡ್ಡ ತೊಡಕಿಗೆ ಬರೋಣ. "ನಿನ್ನೆಯಿಂದ ಜ್ವರ" ಅಂತೀವಿ, "ಎರಡು ದಿನದಿಂದ ಜ್ವರ" ಅಂತಲೂ ಅಂತೀವಿ. ಎರಡಕ್ಕೂ ಒಂದೇ "ಇಂದ". ನಿನ್ನೆ ಒಂದು ಗುರುತು, ಎರಡು ದಿನ ಒಂದು ಅಳತೆ. ಕನ್ನಡಕ್ಕೆ ಇಲ್ಲಿ ಆ ಭೇದ ಬೇಕಿಲ್ಲ, ಇಂಗ್ಲಿಷಿಗೆ ಬೇಕು. ಗುರುತಿಗೆ ಸಿನ್ಸ್, ಅಳತೆಗೆ ಫಾರ್. ನಾವು "ಇಂದ" ಅಂದರೆ ಸಿನ್ಸ್ ಅಂತ ಸಣ್ಣವರಿದ್ದಾಗ ಕಲಿತು, ಅದನ್ನು ಎಲ್ಲ ಕಡೆಗೂ ಹಚ್ಚಿಬಿಟ್ಟಿದ್ದೀವಿ.

ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಸಿನ್ಸ್ ಮುಂದೆ ಬರೋದು ಟಿ ಝೀರೋ, ಅಂದರೆ ಎಣಿಕೆ ಶುರುವಾದ ಗಳಿಗೆ. ಫಾರ್ ಮುಂದೆ ಬರೋದು ಡೆಲ್ಟಾ ಟಿ, ಅಂದರೆ ನಡುವಿನ ಅಂತರ. ಸಿನ್ಸ್ 2023, ಸಿನ್ಸ್ ಮಾರ್ನಿಂಗ್, ಸಿನ್ಸ್ ಮೈ ಡಿಪ್ಲೊಮಾ. ಫಾರ್ ಟೂ ಇಯರ್ಸ್, ಫಾರ್ ಸಿಕ್ಸ್ ಮಂತ್ಸ್, ಫಾರ್ ಎ ಲಾಂಗ್ ಟೈಮ್. ಮುಂದಿನ ಪದವನ್ನು ಕ್ಯಾಲೆಂಡರಿನ ಅಥವಾ ಗಡಿಯಾರದ ಮೇಲೆ ಬೆರಳಿಟ್ಟು ತೋರಿಸಲಿಕ್ಕೆ ಬಂದರೆ ಸಿನ್ಸ್. ಎಣಿಸಿ ಹೇಳಬೇಕಾದರೆ ಫಾರ್.

ಇದರ ಜೊತೆ ಕ್ರಿಯಾಪದವೂ ಬದಲಾಗಬೇಕು. "ಎರಡು ವರ್ಷದಿಂದ ಕಲಿಯಾಕತ್ತೀನಿ" ಅನ್ನುವಾಗ ನಮ್ಮ "ಕಲಿಯಾಕತ್ತೀನಿ" ಈಗ ನಡೆದಿರೋದನ್ನ ಹೇಳ್ತದೆ. ಹಿಂದಿನಿಂದ ಬಂದದ್ದು ಅನ್ನೋದನ್ನ "ಇಂದ" ಹೇಳ್ತದೆ. ಇಂಗ್ಲಿಷಿನಲ್ಲಿ ಅದನ್ನೂ ಕ್ರಿಯಾಪದವೇ ಹೊರಬೇಕು. ಹಿಂದಿನ ಒಂದು ಗೂಟಕ್ಕೂ ಈಗಿನ ಗಳಿಗೆಗೂ ಕಟ್ಟಿದ ಹಗ್ಗ ಅಂತ ತಿಳ್ಕೊಳ್ರಿ, ಆ ಹಗ್ಗವೇ ಹ್ಯಾವ್ ಬೀನ್. "ಐ ಹ್ಯಾವ್ ಬೀನ್ ಲರ್ನಿಂಗ್ ಪೈಥಾನ್ ಫಾರ್ ಟೂ ಇಯರ್ಸ್" ಅಂದರೆ ಇನ್ನೂ ಕಲಿಯಾಕತ್ತೀನಿ. "ಐ ಲರ್ನ್ಡ್ ಪೈಥಾನ್ ಫಾರ್ ಟೂ ಇಯರ್ಸ್" ಅಂದರೆ ಹಗ್ಗ ಹರಿದಿದೆ, ಎರಡು ವರ್ಷ ಕಲಿತು ಬಿಟ್ಟೆ ಅಂತ. ನಡೀತಿರೋ ಪ್ರಾಜೆಕ್ಟಿನ ಬಗ್ಗೆ "ಐ ವರ್ಕ್ಡ್ ಆನ್ ಇಟ್ ಫಾರ್ ಸಿಕ್ಸ್ ಮಂತ್ಸ್" ಅಂದರೆ ಕೇಳಿದವರು ಅದು ಮುಗಿದಿದೆ ಅಂತಲೇ ತಿಳೀತಾರೆ, ಮುಂದಿನ ಪ್ರಶ್ನೆ ಫಲಿತಾಂಶದ ಮೇಲೆ ಬರ್ತದೆ.

ಇದರ ತಿರುವುಮುರುವೂ ಆಗ್ತದೆ. ಹ್ಯಾವ್ ಹಾಕಿದರೆ ಇಂಗ್ಲಿಷ್ ಚಂದ ಕಾಣ್ತದೆ ಅಂತ "ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಪ್ಲೊಮಾ ಇನ್ 2022" ಅಂತ ರೆಸ್ಯೂಮೆಯಲ್ಲಿ ಬರೀತೀವಿ. 2022 ಮುಗಿದು ಹೋದ ವರ್ಷ, ಅದಕ್ಕೂ ಈಗಿಗೂ ಹಗ್ಗ ಇಲ್ಲ. ಯೆಸ್ಟರ್‌ಡೇ, ಲಾಸ್ಟ್ ಇಯರ್, ಇನ್ 2022 ಥರದ ಮುಗಿದ ಹೊತ್ತು ಹೆಸರಿಸಿದ ಮೇಲೆ ಹ್ಯಾವ್ ಬಿಡಬೇಕು: "ಐ ಕಂಪ್ಲೀಟೆಡ್ ಮೈ ಡಿಪ್ಲೊಮಾ ಇನ್ 2022."

ಹ್ಯಾವ್ ಬೀನ್ ನಾಲಿಗೆಗೆ ಬರದೇ ಹೋದರೆ ನಮ್ಮ ಮಾತಲ್ಲೇ ಇನ್ನೊಂದು ದಾರಿ ಇದೆ. "ಇಲ್ಲಿಗೆ ಬಂದು ಮೂರು ವರ್ಷ ಆತು" ಅಂತೀವಲ್ಲ, ಇಂಗ್ಲಿಷಿನಲ್ಲೂ ಥೇಟ್ ಅದೇ ಉಂಟು: "ಇಟ್ಸ್ ಬೀನ್ ಥ್ರೀ ಇಯರ್ಸ್ ಸಿನ್ಸ್ ಐ ಕೇಮ್ ಹಿಯರ್." ಮೂರು ವರ್ಷ ಅಳತೆ, ಬಂದ ಗಳಿಗೆ ಗುರುತು. ಸಿನ್ಸ್ ಗುರುತಿನ ಹಿಂದೆಯೇ ನಿಂತಿದೆ ನೋಡ್ರಿ.

ಎಲ್ಲಿ ನಿಂತು ಎಣಿಸ್ತೀವಿ?

"ಎರಡು ವರ್ಷದ ಹಿಂದೆ" ಅನ್ನೋದು ಯಾವಾಗಿನಿಂದ ಹಿಂದೆ? ಈಗಿನಿಂದಲೋ, ಕತೆಯಲ್ಲಿ ಬಂದ ಬೇರೆ ಯಾವುದೋ ಘಟನೆಯಿಂದಲೋ? ಕನ್ನಡಕ್ಕೆ ಒಂದೇ "ಹಿಂದೆ" ಸಾಕು. ಇಂಗ್ಲಿಷಿನಲ್ಲಿ ಈಗಿನಿಂದ ಎಣಿಸಿದರೆ ಅಗೋ, ಬೇರೆ ಘಟನೆಯಿಂದ ಎಣಿಸಿದರೆ ಬಿಫೋರ್ ಅಥವಾ ಅರ್ಲಿಯರ್. "ಐ ಜಾಯಿನ್ಡ್ ದ ಕಾಲೇಜ್ ಟೂ ಇಯರ್ಸ್ ಅಗೋ. ಮೈ ಸಿಸ್ಟರ್ ಹ್ಯಾಡ್ ಜಾಯಿನ್ಡ್ ಎ ಇಯರ್ ಬಿಫೋರ್." ನಾವು ಬಳಸುವ "ಟೂ ಇಯರ್ಸ್ ಬ್ಯಾಕ್" ಮಾತಿನಲ್ಲಿ ನಡೀತದೆ, ಬರವಣಿಗೆಯಲ್ಲಿ ಅಗೋ ಒಳ್ಳೆಯದು.

ಮುಂದಕ್ಕೆ ಎಣಿಸುವಾಗಲೂ ಹೀಗೇ. "ಹತ್ತು ನಿಮಿಷ ಬಿಟ್ಟು ಬರ್ತೀನಿ" ಅನ್ನೋದನ್ನ "ಐ ವಿಲ್ ಕಮ್ ಆಫ್ಟರ್ ಟೆನ್ ಮಿನಿಟ್ಸ್" ಅಂತೀವಿ. ಈಗಿನಿಂದ ಎಣಿಸುವಾಗ ಇಂಗ್ಲಿಷಿನವರು ಸಹಜವಾಗಿ ಹೇಳೋದು "ಇನ್ ಟೆನ್ ಮಿನಿಟ್ಸ್". ಅದರ ಅರ್ಥ ಹತ್ತನೇ ನಿಮಿಷದ ಸುಮಾರಿಗೆ ಅಂತ. ಹತ್ತು ನಿಮಿಷ ದಾಟದಂತೆ ಅನ್ನಬೇಕಾದರೆ "ವಿದಿನ್ ಟೆನ್ ಮಿನಿಟ್ಸ್". ಮ್ಯಾನೇಜರ್ "ಕಾಲ್ ಮಿ ಇನ್ ಎನ್ ಅವರ್" ಅಂದರೆ ಒಂದು ತಾಸು ಬಿಟ್ಟು ಫೋನ್ ಮಾಡಬೇಕು, ಕೂಡಲೇ ಅಲ್ಲ. ನಡೆದು ಹೋದ ಕತೆ ಹೇಳುವಾಗ ಮಾತ್ರ "ಆಫ್ಟರ್ ಟೆನ್ ಮಿನಿಟ್ಸ್" ಅಥವಾ "ಟೆನ್ ಮಿನಿಟ್ಸ್ ಲೇಟರ್".

ಇದಕ್ಕಿಂತ ಮಜಾ ಇರೋದು ನಮ್ಮ ಭೂತಕಾಲದಲ್ಲಿ. ಅವ್ವ ಊಟಕ್ಕೆ ಕರೆದರೆ ಕೋಣೆಯೊಳಗೆ ಕೂತೇ "ಬಂದ್ನೀ, ಬಂದ್ನಿ" ಅಂತೀವಿ. ಎದ್ದಿರೋದಿಲ್ಲ, ಆದರೂ ಬಂದಾಯ್ತು! ಕನ್ನಡದಲ್ಲಿ ಇನ್ನೇನು ಆಗಲಿಕ್ಕಿರೋದನ್ನ ಆಗಿಯೇ ಹೋದಂತೆ ಹೇಳೋದು ಒಂದು ಭರವಸೆ. ಇಂಗ್ಲಿಷಿನಲ್ಲಿ "ಐ ಕೇಮ್, ಐ ಕೇಮ್" ಅಂದರೆ ನಗ್ತಾರೆ, ಅಲ್ಲಿ "ಕಮಿಂಗ್!" ಅಥವಾ "ಜಸ್ಟ್ ಎ ಮಿನಿಟ್". ಹಾಗೇ ಹೊರಡುವಾಗ "ಬರ್ತೀನ್ರಿ" ಅನ್ನೋದು ನಮ್ಮ ಮರ್ಯಾದೆ, ಹೋಗ್ತೀನಿ ಅನ್ನಬಾರದು. ಅದನ್ನೇ "ಐ ವಿಲ್ ಕಮ್, ಸರ್" ಅಂತ ಮಾಡಿ ಎದ್ದರೆ ಕನ್ನಡ ಬರದ ಮೇಷ್ಟ್ರು ಯಾವಾಗ ಬರ್ತೀಯಾ ಅಂತ ಕೇಳ್ತಾರೆ. "ಐ ವಿಲ್ ಟೇಕ್ ಮೈ ಲೀವ್, ಸರ್" ಸ್ವಲ್ಪ ಹಳೇ ಕಾಲದ್ದು, "ಥ್ಯಾಂಕ್ ಯೂ ಸರ್, ಸೀ ಯೂ ಟುಮಾರೋ" ಸಾಕು.

ಕೆಲವು ಕಡೆ ನಮ್ಮ ಕನ್ನಡವೇ ಇಂಗ್ಲಿಷಿಗಿಂತ ನಿಖರ. ಈಗ ತಾನೇ ಕಳಿಸಿದೆ, ಈಗಲೇ ಕಳಿಸ್ತೀನಿ. ಆಗಿ ಹೋದದ್ದಕ್ಕೆ ಈಗ ತಾನೇ, ಆಗಬೇಕಾದದ್ದಕ್ಕೆ ಈಗಲೇ. ಇಂಗ್ಲಿಷಿನ ಜಸ್ಟ್ ನೌ ಮೊದಲನೆಯದಕ್ಕೆ ಹೊಂದ್ತದೆ: "ಐ ಸೆಂಟ್ ಇಟ್ ಜಸ್ಟ್ ನೌ." ಎರಡನೆಯದಕ್ಕೆ ರೈಟ್ ಅವೇ ಅಥವಾ ರೈಟ್ ನೌ ಅನ್ನಬೇಕು. "ಐ ವಿಲ್ ಸೆಂಡ್ ಇಟ್ ಜಸ್ಟ್ ನೌ" ಅಂದರೆ ಕೇಳಿದವರು ಕಳಿಸಿದ್ದಾರೋ, ಕಳಿಸ್ತಾರೋ ಅಂತ ಒಂದು ಗಳಿಗೆ ಗೊಂದಲಕ್ಕೆ ಬೀಳ್ತಾರೆ.

ಇನ್ನೊಂದು ಮಾತು. "ನಾಳೆ ಬರ್ತೀನಿ", "ದಿನಾ ಬರ್ತೀನಿ" ಎರಡಕ್ಕೂ ನಮಗೆ ಒಂದೇ "ಬರ್ತೀನಿ". ಇಂಗ್ಲಿಷ್ ಇಲ್ಲಿ ನಾಲ್ಕು ಬಾಗಿಲು ಇಟ್ಟಿದೆ. ದಿನದ ರೂಢಿಗೆ ಐ ಕಮ್. ಮೊದಲೇ ಗೊತ್ತುಮಾಡಿಕೊಂಡದ್ದಕ್ಕೆ ಐ ಆ್ಯಮ್ ಕಮಿಂಗ್ ಟುಮಾರೋ. ಮನಸ್ಸಲ್ಲಿ ನಿರ್ಧರಿಸಿದ್ದಕ್ಕೆ ಐ ಆ್ಯಮ್ ಗೋಯಿಂಗ್ ಟು ಅಪ್ಲೈ. ಮಾತಾಡುವ ಗಳಿಗೆಯಲ್ಲೇ ಒಪ್ಪಿಕೊಂಡದ್ದಕ್ಕೆ, ಮಾತು ಕೊಡೋದಕ್ಕೆ ಐ ವಿಲ್. ರೈಲು, ಬಸ್ಸು, ಪರೀಕ್ಷೆಯಂಥ ವೇಳಾಪಟ್ಟಿಗೆ ಮುಂದಿನದಾದರೂ ವರ್ತಮಾನವೇ ಸಾಕು: "ದ ಎಗ್ಸಾಮ್ ಸ್ಟಾರ್ಟ್ಸ್ ಆನ್ ಮಂಡೇ."

ಮುಂದೆ, ಮುಂಚೆ, ಪ್ರೀಪೋನ್

ಮುಂದೆ ಅಂದರೆ ಬರಲಿರುವ ಹೊತ್ತು. ಮುಂಚೆ ಅಂದರೆ ಕಳೆದ ಹೊತ್ತು. ಎರಡರ ಬೇರೂ ಒಂದೇ, ಮುನ್. ಒಂದೇ ಬೇರಿನಿಂದ ಎರಡು ದಿಕ್ಕಿನ ಪದ ಹೆಂಗ್ ಹುಟ್ಟಿದ್ವು? ನಾವು ನಡೆದು ಹೋಗ್ತಿದೀವಿ ಅಂದ್ಕೊಂಡರೆ ನಮ್ಮ ಎದುರಿಗೆ ಇರೋದು ಬರಲಿರುವ ದಿನ, ಅದು ಮುಂದೆ. ದಿನಗಳೇ ಪಾಳಿಯಲ್ಲಿ ಒಂದರ ಹಿಂದೆ ಒಂದು ಬರ್ತಿವೆ ಅಂದ್ಕೊಂಡರೆ ಪಾಳಿಯ ಮುಂದಿರೋದು ಮೊದಲು ಬಂದ ದಿನ, ಅದು ಮುಂಚೆ. ಇಂಗ್ಲಿಷಿನಲ್ಲೂ ಇದೇ ಆಟ. ಬಿಫೋರ್ ಪದದೊಳಗಿನ ಫೋರ್ ಅಂದರೆ ಮುಂಭಾಗ, ಆದರೆ ಅರ್ಥ ಮುಂಚೆ. ಲುಕ್ ಫಾರ್ವರ್ಡ್ ಅಂದರೆ ಮುಂದಿನದನ್ನು ಎದುರು ನೋಡೋದು.

ಈ ಇಬ್ಬಗೆಯಿಂದ ಇಂಗ್ಲಿಷ್ ಮನೆಮಾತಿನವರೂ ಎಡವ್ತಾರೆ. ಲೆರಾ ಬೊರೊಡಿಟ್ಸ್ಕಿ ಮೊದಲಾದ ಮನೋವಿಜ್ಞಾನಿಗಳು ಕೇಳಿದ ಒಂದು ಪ್ರಶ್ನೆ ಬಹಳ ಹೆಸರಾಗಿದೆ. ಮುಂದಿನ ಬುಧವಾರದ ಮೀಟಿಂಗನ್ನು ಎರಡು ದಿನ ಮೂವ್ಡ್ ಫಾರ್ವರ್ಡ್ ಮಾಡಿದ್ದಾರೆ, ಹಾಗಾದರೆ ಅದು ಯಾವ ದಿನ? ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ಆಗಷ್ಟೇ ಪ್ರಯಾಣ ಮುಗಿಸಿ ಬಂದವರು ಶುಕ್ರವಾರ ಅಂದದ್ದು ಹೆಚ್ಚು. ಅಂದರೆ ಮೂವ್ಡ್ ಫಾರ್ವರ್ಡ್ ಅಂತ ಮೇಲ್ ಬಂದರೆ ಮತ್ತೆ ಕೇಳೋದರಲ್ಲಿ ನಾಚಿಕೆ ಏನೂ ಇಲ್ಲ. "ಡು ಯೂ ಮೀನ್ ಮಂಡೇ?" ಅಂತ ಒಂದು ಸಾಲು ಹಾಕಿದರೆ ಆಯ್ತು.

ನಮ್ಮ ಪ್ರೀಪೋನ್ ಇಲ್ಲೇ ಕೆಲಸಕ್ಕೆ ಬರ್ತದೆ. ಪೋಸ್ಟ್‌ಪೋನ್‌ಗೆ ಎದುರಾಗಿ ಭಾರತದಲ್ಲಿ ಬೇರೂರಿದ ಪದ ಇದು. ತಪ್ಪು ಇಂಗ್ಲಿಷ್ ಅಂತ ಬಯ್ಯೋರು ಇದ್ದರು, ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಭಾರತದ ಬಳಕೆ ಎಂಬ ಗುರುತಿನೊಂದಿಗೆ ಜಾಗ ಪಡೆದಿದೆ. ಅರ್ಥದಲ್ಲಿ ಗೊಂದಲವೇ ಇಲ್ಲದ ಪದ. ಬೆಂಗಳೂರಿನ ಕಂಪನಿಗೆ ಧಾರಾಳವಾಗಿ ಬರೀರಿ. ಹೊರದೇಶದವರಿಗೆ ಅದು ಗೊತ್ತಿರಲಿಕ್ಕಿಲ್ಲ, ಅವರಿಗೆ "ಮೂವ್ಡ್ ಟು ಎನ್ ಅರ್ಲಿಯರ್ ಡೇಟ್" ಅಂತ ಬರೆದು ತಾರೀಖನ್ನೂ ಹಾಕಿಬಿಡ್ರಿ.

ಗಡಿ ಒಳಗೋ, ಹೊರಗೋ?

ಸ್ಕಾಲರ್‌ಶಿಪ್, ಇಂಟರ್ನ್‌ಶಿಪ್, ಪರೀಕ್ಷಾ ಅರ್ಜಿ ಎಲ್ಲದರಲ್ಲೂ ದುಡ್ಡು ಮತ್ತು ವರ್ಷ ಎರಡೂ ಸಿಕ್ಕಿ ಬೀಳೋದು ಈ ಪ್ರಶ್ನೆಯಲ್ಲಿ.

"ಐದರ ತನಕ ಕಾಯ್ತೀನಿ" ಮತ್ತು "ಐದರೊಳಗ ಕೊಡ್ತೀನಿ". ತನಕ ಅಂದಾಗ ಕೆಲಸ ಐದರವರೆಗೂ ಎಡೆಬಿಡದೆ ನಡೀತದೆ. ಒಳಗ ಅಂದಾಗ ಕೆಲಸ ಒಂದೇ ಸಲ, ಐದು ಬಾರಿಸೋದರೊಳಗೆ ಯಾವಾಗಾದ್ರೂ. ಈ ಭೇದ ನಮ್ಮಲ್ಲಿ ಚೊಕ್ಕ ಇದೆ, ಹಾಗೇ ದಾಟಿಸಿ: ತನಕ ಅಂದರೆ ಅಂಟಿಲ್ ಅಥವಾ ಟಿಲ್, ಒಳಗೆ ಅಂದರೆ ಬೈ. "ಐ ವಿಲ್ ವೇಟ್ ಅಂಟಿಲ್ ಫೈವ್." "ಐ ವಿಲ್ ಸಬ್ಮಿಟ್ ಇಟ್ ಬೈ ಫೈವ್." ಎಡವಟ್ಟಾಗೋದು "ಐ ವಿಲ್ ಸಬ್ಮಿಟ್ ಟಿಲ್ ಫ್ರೈಡೇ" ಅಂದಾಗ. ಕೇಳಿದವರಿಗೆ ಶುಕ್ರವಾರದ ತನಕ ದಿನಾ ಸಬ್ಮಿಟ್ ಮಾಡ್ತಾನೇ ಇರ್ತಾರೇನೋ ಅನಿಸ್ತದೆ.

ಒಳಗೆ ಎಂಬುದಕ್ಕೆ ಗುರುತು ಬಂದರೆ ಬೈ, ಅಳತೆ ಬಂದರೆ ವಿದಿನ್. ಬೈ ಫ್ರೈಡೇ, ವಿದಿನ್ ಫೈವ್ ಡೇಸ್. ಮತ್ತೆ ಗುರುತು, ಅಳತೆಯ ಮಾತೇ.

ಇನ್ನು ಗಡಿಯ ದಿನ ಸೇರ್ತದೋ ಇಲ್ಲೋ ಅನ್ನೋದು. ಬೈ ಫ್ರೈಡೇ ಅಂದರೆ ಸಾಮಾನ್ಯವಾಗಿ ಶುಕ್ರವಾರವೂ ಸೇರಿ. ಬಿಫೋರ್ ಫ್ರೈಡೇ ಅಂದರೆ ಗುರುವಾರಕ್ಕೇ ಬಾಗಿಲು ಹಾಕ್ತು. ಆನ್ ಆರ್ ಬಿಫೋರ್ ಅಂತ ಇದ್ದರೆ ಯಾವ ಅನುಮಾನವೂ ಇಲ್ಲ, ಆ ದಿನವೂ ನಡೀತದೆ. ಮೇಲ್‌ಗಳಲ್ಲಿ ಬರೋ ಇಒಡಿ, ಅಂದರೆ ಎಂಡ್ ಆಫ್ ಡೇ, ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ಕೆಲವರಿಗೆ ಆಫೀಸ್ ಮುಗಿಯೋ ಸಂಜಿ ಆರು, ಕೆಲವರಿಗೆ ನಡುರಾತ್ರಿ. ಅರ್ಜಿಯ ವಿಷಯವಾದರೆ ಸಂಜಿ ಅಂತಲೇ ತಿಳಿದು ಮುಗಿಸೋದು ಕ್ಷೇಮ.

ಆನ್ ಟೈಮ್, ಇನ್ ಟೈಮ್ ಕೂಡ ಗಡಿಯ ಮಾತೇ. ಒಂಬತ್ತರ ಲಕ್ಷ್ಮೇಶ್ವರ ಬಸ್ಸು ಒಂಬತ್ತಕ್ಕೇ ಬಿಟ್ಟರೆ ಅದು ಆನ್ ಟೈಮ್. ನೀವು ಅದು ಬಿಡೋದರೊಳಗೆ ಬಂದು ಹತ್ತಿದರೆ ನೀವು ಇನ್ ಟೈಮ್. ಬಸ್ಸು ತಡ ಆಗಿ ನೀವೂ ತಡ ಆಗಿ ಬಂದು ಹತ್ತಿದರೆ? ಯಾರೂ ಆನ್ ಟೈಮ್ ಅಲ್ಲ, ಆದರೂ ನೀವು ಇನ್ ಟೈಮ್!

ದಿನ, ವಾರ, ತಾರೀಖು

ನಾಡಿದ್ದು ಅಂತ ನಾವು ಒಂದೇ ಪದದಲ್ಲಿ ಹೇಳೋದನ್ನ ಇಂಗ್ಲಿಷಿನವರು "ದ ಡೇ ಆಫ್ಟರ್ ಟುಮಾರೋ" ಅಂತ ಉದ್ದಕ್ಕೆ ಎಳೀತಾರೆ. ಅವರಿಗೂ ಹಿಂದೊಮ್ಮೆ ಓವರ್‌ಮಾರೋ ಎಂಬ ಪದ ಇತ್ತು, ಬಳಕೆ ತಪ್ಪಿಹೋಯ್ತು. ನಮ್ಮ ಮೊನ್ನೆಗೆ ಎರಡು ಅರ್ಥ. ನಿನ್ನೆಯ ಹಿಂದಿನ ದಿನ ಅಂತ ಖಚಿತವಾಗಿ ಹೇಳಬೇಕಾದರೆ "ದ ಡೇ ಬಿಫೋರ್ ಯೆಸ್ಟರ್‌ಡೇ". "ಮೊನ್ನೆ ಒಂದು ಸಿನಿಮಾ ನೋಡಿದೆ" ಅಂತ ಅಂದಾಜಿಗೆ ಹೇಳೋದಾದರೆ "ದಿ ಅದರ್ ಡೇ". ಹಾಜರಾತಿಯ ಪತ್ರದಲ್ಲಿ ಮೊದಲನೆಯದು ಬೇಕು, ಹರಟೆಯಲ್ಲಿ ಎರಡನೆಯದು.

"ಎಂಟು ದಿನ ಬಿಟ್ಟು ಬಾ" ಅಂದರೆ ನಮ್ಮೂರಲ್ಲಿ ಒಂದು ವಾರ ಬಿಟ್ಟು ಬಾ ಅಂತ. ಹದಿನೈದು ದಿನ ಅಂದರೆ ಎರಡು ವಾರ. ಹೊರಟ ದಿನ, ಬಂದ ದಿನ ಎರಡನ್ನೂ ಹಿಡಿದು ಎಣಿಸೋ ಪದ್ಧತಿ ಅದು. ಫ್ರೆಂಚರೂ ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ ಅಂತಲೇ ಅಂತಾರೆ. ಇಂಗ್ಲಿಷಿನವರು ಮಾತ್ರ ರಾತ್ರಿಗಳನ್ನ ಎಣಿಸಿದರು, ಹದಿನಾಲ್ಕು ರಾತ್ರಿ ಕೂಡಿ ಫೋರ್ಟ್‌ನೈಟ್. ಆದ್ದರಿಂದ ರಜೆಯ ಪತ್ರದಲ್ಲಿ ಎಯ್ಟ್ ಡೇಸ್ ಅಂತ ಬರೆದರೆ ಆಫೀಸಿನವರು ಎಂಟೇ ಎಣಿಸ್ತಾರೆ. ವಾರ ಅಂತಿದ್ದರೆ ಎ ವೀಕ್ ಅಂತಲೇ ಬರೀರಿ. ಫೋರ್ಟ್‌ನೈಟ್ ಅಮೆರಿಕದವರಿಗೆ ಅಷ್ಟು ಪರಿಚಯ ಇಲ್ಲ, ಟೂ ವೀಕ್ಸ್ ಎಲ್ಲರಿಗೂ ತಿಳೀತದೆ.

ನೆಕ್ಸ್ಟ್ ಫ್ರೈಡೇ ಅನ್ನೋದು ಇಂಗ್ಲಿಷ್ ಮನೆಮಾತಿನವರಲ್ಲೇ ಜಗಳ ಹಚ್ಚೋ ಮಾತು. ಮಂಗಳವಾರ ನಿಂತು ನೆಕ್ಸ್ಟ್ ಫ್ರೈಡೇ ಅಂದರೆ ಇದೇ ವಾರದ ಶುಕ್ರವಾರ ಅನ್ನೋರೂ ಇದ್ದಾರೆ, ಮುಂದಿನ ವಾರದ್ದು ಅನ್ನೋರೂ ಇದ್ದಾರೆ. ಔಷಧ ಒಂದೇ, ತಾರೀಖು ಹಾಕೋದು. ತಾರೀಖು ಹಾಕುವಾಗಲೂ ಎಚ್ಚರ. 05/06 ಅಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರನ್ನ ಅಕ್ಷರದಲ್ಲಿ ಬರೆದರೆ ಗೊಂದಲ ಹೋಯ್ತು. ಫೈಲ್ ಹೆಸರುಗಳಿಗೆ ಐಎಸ್‌ಒ 8601 ಕ್ರಮದಲ್ಲಿ ವರ್ಷ, ತಿಂಗಳು, ದಿನ ಅಂತ ಹಾಕಿದರೆ ಕಂಪ್ಯೂಟರೂ ಸರಿಯಾಗಿ ಜೋಡಿಸ್ತದೆ.

ನಡುರಾತ್ರಿಯ ಗಡಿ ಇನ್ನೂ ಅಪಾಯ. ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯೋದಯಕ್ಕೆ. ನಮ್ಮ ಮಾತೂ ಹಾಗೇ, ಸೋಮವಾರ ರಾತ್ರಿ ಮಲಗಿ ಏಳೋತನಕ ಅದು ಸೋಮವಾರ ರಾತ್ರಿಯೇ. ರೈಲ್ವೆಯ ದಿನ 00:00ಕ್ಕೆ ಬದಲಾಗ್ತದೆ. ಗದಗ ಜಂಕ್ಷನ್‌ನಿಂದ 15ನೇ ತಾರೀಖಿನ 00:20ರ ಟಿಕೆಟ್ ಇದ್ದರೆ ಸ್ಟೇಶನ್ನಿಗೆ ಹೋಗಬೇಕಾದದ್ದು 14ರ ರಾತ್ರಿ ಊಟ ಮಾಡಿ. 15ರ ರಾತ್ರಿ ಹೋದರೆ ರೈಲು ಹೋಗಿ ಒಂದು ದಿನ ಆಗಿರ್ತದೆ. 12 ಎಎಮ್ ಅಂದರೆ ನಡುರಾತ್ರಿ, 12 ಪಿಎಮ್ ಅಂದರೆ ನಡುಹಗಲು ಅನ್ನೋದೂ ಬಹಳ ಮಂದಿಗೆ ಅದಲು ಬದಲು ಆಗ್ತದೆ. ಆನ್‌ಲೈನ್ ಅರ್ಜಿಗಳಲ್ಲಿ 23:59 ಅಂತ ಹಾಕೋದು ಈ ತಂಟೆ ತಪ್ಪಿಸಲಿಕ್ಕೇ.

ಹೊತ್ತು ಮತ್ತು ಗಡಿಯಾರ

ಏಳೂವರೆಗೆ ಹಾಫ್ ಪಾಸ್ಟ್ ಸೆವೆನ್, ಇದು ಸುಲಭ. ಏಳೂಮುಕ್ಕಾಲಿಗೆ ಮಾತ್ರ ದಿಕ್ಕು ಬದಲಾಗ್ತದೆ. ನಾವು ಏಳಕ್ಕೆ ಮುಕ್ಕಾಲು ಕೂಡಿಸ್ತೀವಿ, ಅವರು ಎಂಟರಿಂದ ಕಾಲು ಕಳೀತಾರೆ, ಕ್ವಾರ್ಟರ್ ಟು ಎಯ್ಟ್. ಕಿವಿಗೆ ಎಯ್ಟ್ ಬಿದ್ದ ಕೂಡಲೇ ಎಂಟೂಕಾಲು ಅಂತ ಬರೆದುಕೊಳ್ಳಬಾರದು. ಬ್ರಿಟನ್ನಿನವರು ಮಾತಿನಲ್ಲಿ ಹಾಫ್ ಸೆವೆನ್ ಅಂದರೂ ಅದು ಏಳೂವರೆಯೇ.

ಆನ್‌ಲೈನ್ ಸಂದರ್ಶನಕ್ಕೆ ಹೊರದೇಶದವರು ಕರೆದರೆ ಯಾವ ದೇಶದ ಹೊತ್ತು ಅಂತ ಮೊದಲು ನೋಡ್ರಿ. ನ್ಯೂಯಾರ್ಕ್ ನಮಗಿಂತ ಚಳಿಗಾಲದಲ್ಲಿ ಹತ್ತೂವರೆ ತಾಸು, ಬೇಸಿಗೆಯಲ್ಲಿ ಒಂಬತ್ತೂವರೆ ತಾಸು ಹಿಂದೆ. ಐಎಸ್‌ಟಿ ಎಂಬ ಮೂರಕ್ಷರವನ್ನೂ ನಂಬಂಗಿಲ್ಲ, ಐರ್ಲೆಂಡ್ ಮತ್ತು ಇಸ್ರೇಲಿನವರೂ ತಮ್ಮ ಹೊತ್ತಿಗೆ ಅದನ್ನೇ ಬಳಸ್ತಾರೆ. "10 ಎಎಮ್ ಇಂಡಿಯಾ ಟೈಮ್" ಅಂತ ಬಿಡಿಸಿ ಬರೀರಿ.

ಅಂದಹಾಗೆ ನಮ್ಮ ಐಎಸ್‌ಟಿ ಶುರುವಾದದ್ದು 1906ರಲ್ಲಿ, 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಗದಗ ಇರೋದು ಸುಮಾರು 75.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ ನಮ್ಮೂರ ಸೂರ್ಯ ಗಡಿಯಾರಕ್ಕಿಂತ ಸರಾಸರಿ 27 ನಿಮಿಷ ಹಿಂದೆ. ಗಡಿಯಾರದಲ್ಲಿ 12 ಆದಾಗ ನಮಗೆ ನಡುಹಗಲು ಆಗಿರೋದಿಲ್ಲ. ಹೊಲದಲ್ಲಿರೋರು ಹೊತ್ತು ನೆತ್ತಿಗೆ ಬಂತು, ಹೊತ್ತು ಮುಳುಗ್ತು ಅಂತಾರಲ್ಲ, ಆ ಹೊತ್ತು ಅಂದರೆ ಸಮಯವೂ ಹೌದು, ಸೂರ್ಯನೂ ಹೌದು. ಇಂಗ್ಲಿಷಿನವರು ಹೊತ್ತನ್ನ ಹಣದ ಹಾಗೆ ಸ್ಪೆಂಡ್ ಮಾಡ್ತಾರೆ, ಸೇವ್ ಮಾಡ್ತಾರೆ, ವೇಸ್ಟ್ ಮಾಡ್ತಾರೆ. ನಮ್ಮ ಹೊತ್ತು ತಾನೇ ಏರ್ತದೆ, ತಾನೇ ಇಳೀತದೆ. ಎರಡೂ ಲೋಕ ಗೊತ್ತಿದ್ದವರಿಗೆ ಲಾಭವೇ.

ನಾಚಿಕೆ ಯಾಕೆ?

ಸಾವಿರದ ನೂರು ವರ್ಷಕ್ಕೂ ಹಳೆಯದಾದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರುಗಳನ್ನ ಹೆಸರಿಸ್ತದೆ. ಅದರಲ್ಲಿ ಪುಲಿಗೆರೆಯೂ ಒಂದು, ಅಂದರೆ ನಮ್ಮ ಲಕ್ಷ್ಮೇಶ್ವರ. ಆ ನೆಲದ ಮಾತು ಆಡುವ ನಮಗೆ ಹೊತ್ತಿನ ಸೂಕ್ಷ್ಮ ಹೊಸದೇನಲ್ಲ. ಗಂಟೆಗೂ ತಾಸಿಗೂ, ತನಕಕ್ಕೂ ಒಳಗೆಗೂ, ಈಗ ತಾನೇಗೂ ಈಗಲೇಗೂ ಭೇದ ಮಾಡೋರು ನಾವು. ಸಂದರ್ಶನದ ಕೋಣೆಯಲ್ಲಿ ಇಂಗ್ಲಿಷ್ ತಡವರಿಸಿದಾಗ "ನಮಗ ಬರೂದಿಲ್ಲ ಬಿಡು" ಅಂತ ಬಾಯಿ ಮುಚ್ಚೋ ಬದಲು ಒಂದು ಗಳಿಗೆ ನಿಂತು, ಇದು ಗುರುತೋ ಅಳತೆಯೋ ಅಂತ ಕೇಳಿಕೊಳ್ರಿ. ಕನ್ನಡ ಮರೆತು ಇಂಗ್ಲಿಷ್ ಕಲಿಯಬೇಕಿಲ್ಲ, ಕನ್ನಡ ಹಿಡಿದುಕೊಂಡೇ ಕಲೀಬಹುದು.

ಈಗ ಇವನ್ನ ಇಂಗ್ಲಿಷಿಗೆ ಹಾಕಿ ನೋಡ್ರಿ. ಉತ್ತರ ಕೆಳಗಿದೆ, ಮೊದಲೇ ನೋಡಬ್ಯಾಡ್ರಿ.

1. ಸೋಮವಾರದಿಂದ ನಮಗ ಇಂಟರ್ನಲ್ಸ್ ನಡೆದಾವ.
2. ನಾಲ್ಕು ತಿಂಗಳಿಂದ ಈ ಪ್ರಾಜೆಕ್ಟ್ ಮಾಡಾಕತ್ತೀವಿ.
3. ಶುಕ್ರವಾರದೊಳಗ ರಿಪೋರ್ಟ್ ಕೊಡ್ತೀನಿ.
4. ಅರ್ಧ ತಾಸು ಬಿಟ್ಟು ಫೋನ್ ಮಾಡ್ತೀನಿ.
5. ಸಂಜಿ ಆರರ ತನಕ ಲ್ಯಾಬ್‌ನಾಗ ಇರ್ತೀನಿ.
6. ಮುಂಡರಗಿಯಿಂದ ಈಗ ತಾನೇ ಬಂದೆ.

ಉತ್ತರಗಳು:

1. ವಿ ಹ್ಯಾವ್ ಬೀನ್ ಹ್ಯಾವಿಂಗ್ ಇಂಟರ್ನಲ್ಸ್ ಸಿನ್ಸ್ ಮಂಡೇ.
2. ವಿ ಹ್ಯಾವ್ ಬೀನ್ ವರ್ಕಿಂಗ್ ಆನ್ ದಿಸ್ ಪ್ರಾಜೆಕ್ಟ್ ಫಾರ್ ಫೋರ್ ಮಂತ್ಸ್.
3. ಐ ವಿಲ್ ಸಬ್ಮಿಟ್ ದ ರಿಪೋರ್ಟ್ ಬೈ ಫ್ರೈಡೇ.
4. ಐ ವಿಲ್ ಕಾಲ್ ಯೂ ಇನ್ ಹಾಫ್ ಎನ್ ಅವರ್.
5. ಐ ವಿಲ್ ಬಿ ಇನ್ ದ ಲ್ಯಾಬ್ ಅಂಟಿಲ್ ಸಿಕ್ಸ್.
6. ಐ ಹ್ಯಾವ್ ಜಸ್ಟ್ ಕಮ್ ಫ್ರಮ್ ಮುಂಡರಗಿ.

ಆರಕ್ಕೆ ಆರೂ ಸರಿ ಬಂದ್ವಾ? ಹಾಗಾದರೆ ನಿಮ್ಮ ಪಕ್ಕದ ರೂಮಿನವರಿಗೂ ಕೇಳಿ ನೋಡ್ರಿ. ಒಂದೋ ಎರಡೋ ತಪ್ಪಿದ್ದರೆ ಆ ವಾಕ್ಯದ ಕನ್ನಡವನ್ನ ಇನ್ನೊಮ್ಮೆ ಜೋರಾಗಿ ಓದ್ರಿ. ತಪ್ಪು ಯಾಕಾಯ್ತು ಅಂತ ಅಲ್ಲೇ ಕಾಣ್ತದೆ.